ದುರ್ಯೋಧನನ ಷಡ್ಜ

ಟಿ. ನರಸೀಪುರ ಸುತ್ತಿನ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಟ್ಟುವುದು ಒಂದು ರಾತ್ರಿಯ ಕೆಲಸವಲ್ಲ. ಸುಗ್ಗಿ ಮುಗಿದು ಕೈ ಬಿಡುವಾದ ಮೇಲೆ ತಾಲೀಮು ಶುರುವಾದರೆ ತಿಂಗಳುಗಟ್ಟಲೆ ನಡೆಯುತ್ತದೆ. ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ, ಸೀನರಿಯವರ ಬಾಡಿಗೆ, ದ್ರೌಪದಿ, ಕುಂತಿ, ರುಕ್ಮಿಣಿಗೆಂದು ಹೊರಗಿನಿಂದ ಕರೆಸುವ ಕಲಾವಿದೆಯರ ಸಂಬಳ, ಜನರೇಟರು, ಮೈಕ್‌ಸೆಟ್ಟು ಎಲ್ಲವೂ ಪಾತ್ರಧಾರಿಗಳ ಜೇಬಿನಿಂದಲೇ ಹೊರಡಬೇಕು. ಪಟ್ಟಣದವರಿಗೆ ವಿಚಿತ್ರ ಅನ್ನಿಸಬಹುದು, ಇಲ್ಲಿ ನಟನೇ ದುಡ್ಡು ಕಟ್ಟಿ ಪಾತ್ರ ತಗೊಳ್ಳುತ್ತಾನೆ. ಪಾತ್ರ ದೊಡ್ಡದಾದಷ್ಟೂ ಕಟ್ಟುವ ಹಣವೂ ದೊಡ್ಡದು. ಕೃಷ್ಣ, ಭೀಮ, ಕರ್ಣ, ದುರ್ಯೋಧನ ಎಲ್ಲ ತುಟ್ಟಿ ಪಾತ್ರಗಳು. ಕಬ್ಬಿನ ಬಿಲ್ಲು ಬಂದದ್ದನ್ನು ಹೆಂಡತಿಗೂ ಹೇಳದೆ ದುರ್ಯೋಧನನಿಗೆ ಕಟ್ಟಿದವರಿದ್ದಾರೆ. ಅಂಥ ಒಬ್ಬ ದುರ್ಯೋಧನನ ರಾತ್ರಿಯನ್ನು ನಾನು ಕೆಡಿಸಿದೆ. ಹೇಗೆ ಕೆಡಿಸಿದೆ ಅನ್ನುವುದು ಪೂರ್ತಿ ಅರ್ಥವಾಗಲು ಬಹಳ ಕಾಲ ಹಿಡಿಯಿತು. ಅದನ್ನು ಅವನ ಎದುರು ಒಪ್ಪಿಕೊಳ್ಳಲು ಅದಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ನನ್ನ ಸೋದರಮಾವನದು ನಂಜನಗೂಡಿನಲ್ಲಿ ಮೈಕ್‌ಸೆಟ್ ಅಂಗಡಿ. ದೊಡ್ಡ ಜಾತ್ರೆಯಲ್ಲಿ ಶ್ರೀಕಂಠೇಶ್ವರನ ಐದು ತೇರು ಎಳೆಯುವಾಗ ರಥಬೀದಿಯುದ್ದಕ್ಕೂ ಕಂಬ ಕಂಬಕ್ಕೆ ಹಾರ್ನ್ ಕಟ್ಟುವ ಕೆಲಸಕ್ಕೆ ಹುಡುಗನಾಗಿದ್ದಾಗಲೇ ವೈರಿನ ಸುರುಳಿ ಹೊತ್ತುಕೊಂಡು ಹೋಗುತ್ತಿದ್ದೆ. ಬೀದಿಯ ನಡುವೆ ನಿಂತರೆ ಒಂದು ವಿಶೇಷ ಕೇಳಿಸುತ್ತಿತ್ತು. ಮಗು ಕಳೆದುಹೋಗಿದೆ ಎಂದು ಯಾರೋ ಕೂಗಿದ ಮಾತು ಹತ್ತಿರದ ಹಾರ್ನಿನಿಂದ ಒಮ್ಮೆ, ದೂರದ ಹಾರ್ನಿನಿಂದ ಇನ್ನೊಮ್ಮೆ ಬಂದು ಒಂದರ ಮೇಲೊಂದು ಬೀಳುತ್ತಿತ್ತು. ವೈರಿನಲ್ಲಿ ಕರೆಂಟು ಓಡಲು ಹೊತ್ತೇನೂ ಬೇಡ. ಹಾರ್ನಿನ ಬಾಯಿಂದ ಹೊರಬಿದ್ದ ಸದ್ದು ಮಾತ್ರ ಗಾಳಿಯಲ್ಲಿ ಸೆಕೆಂಡಿಗೆ 340 ಮೀಟರಿನ ಹತ್ತಿರ ಸಾಗುತ್ತದೆ. 34 ಮೀಟರು ದಾಟುವುದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಮಾವನಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಹಾರ್ನುಗಳನ್ನು ಎದುರುಬದುರಾಗಿ ಕಟ್ಟಬಾರದು, ಎಲ್ಲದರ ಮುಖವೂ ಒಂದೇ ಕಡೆಗಿರಬೇಕು ಅನ್ನುವುದು ಗೊತ್ತಿತ್ತು. ನನಗೆ ಲೆಕ್ಕ ಗೊತ್ತಾಯಿತು, ಎಂಜಿನಿಯರಿಂಗ್ ಓದಿದೆ, ಮೈಸೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದೆ. ಆ ಬೀದಿಯಲ್ಲಿ ಕಿವಿ ಕಲಿತಿದ್ದು ಮಾತ್ರ ಬೇಕಾದ ಹೊತ್ತಿಗೆ ನೆನಪಿಗೆ ಬರಲಿಲ್ಲ.

ಮೈಕ್‌ಸೆಟ್ಟಿನವರ ಹಗೆ ಅಂದರೆ ‘ಕುಯ್ಯ್’ ಅನ್ನುವ ಕೂಗು. ಸ್ಪೀಕರಿನಿಂದ ಬಂದ ಸದ್ದನ್ನು ಮೈಕು ಮತ್ತೆ ಕೇಳಿಸಿಕೊಳ್ಳುತ್ತದೆ, ಆಂಪ್ಲಿಫೈಯರ್ ಅದನ್ನೇ ಹೆಚ್ಚಿಸಿ ಮತ್ತೆ ಸ್ಪೀಕರಿಗೆ ಕೊಡುತ್ತದೆ. ಸುತ್ತು ಬಂದ ಸದ್ದು ಹೊರಟಾಗಿದ್ದಕ್ಕಿಂತ ಜೋರಾಗಿದ್ದರೆ ಯಾವುದೋ ಒಂದು ಸ್ವರ ಹಿಡಿದುಕೊಂಡು ಬೆಳೆಯುತ್ತಲೇ ಹೋಗುತ್ತದೆ. ಇದನ್ನು ಅಭ್ಯಾಸ ಮಾಡಿದ ಡೆನ್ಮಾರ್ಕಿನ ಭೌತವಿಜ್ಞಾನಿ ಸೋರೆನ್ ಲಾರ್ಸನ್ ಹೆಸರಿನಲ್ಲೇ ಲಾರ್ಸನ್ ಪರಿಣಾಮ ಅನ್ನುತ್ತಾರೆ. ಮಾವನ ಹತ್ತಿರ ಇದಕ್ಕಿದ್ದ ಮದ್ದು ಈಕ್ವಲೈಸರ್. ಕೂಗು ಎದ್ದ ಕೂಡಲೇ ಕಿವಿಯಲ್ಲೇ ಅಳೆದು “ಎರಡೂವರೆ” ಅಂದುಕೊಂಡು, 2,500 ಹರ್ಟ್ಸಿನ ಕಡ್ಡಿಯನ್ನು ಒಂದಿಷ್ಟು ಕೆಳಗೆ ಎಳೆಯುತ್ತಿದ್ದರು. ತಪ್ಪಾದದ್ದನ್ನು ನಾನು ಕಂಡಿಲ್ಲ. ಆದರೆ ಅವರಿಗೂ ವಯಸ್ಸಾಗುತ್ತಿತ್ತು, ಮೇಲಿನ ಸ್ವರಗಳು ಮೊದಲಿನಷ್ಟು ಕೇಳಿಸುತ್ತಿರಲಿಲ್ಲ. ಆ ಕೆಲಸವನ್ನು ಲ್ಯಾಪ್‌ಟಾಪಿಗೆ ಒಪ್ಪಿಸಬೇಕು ಅನ್ನುವ ಆಸೆ ನನಗೆ ಹುಟ್ಟಿದ್ದು ಅಲ್ಲಿಂದ. ಮಾವನ ಮೇಲಿನ ಪ್ರೀತಿ ಅರ್ಧ, ನನ್ನ ವಿದ್ಯೆ ತೋರಿಸಿಕೊಳ್ಳುವ ಚಪಲ ಅರ್ಧ ಅಂತ ಈಗ ಹೇಳಬಲ್ಲೆ. ಆಗ ಕೇಳಿದ್ದರೆ ಬರೀ ಪ್ರೀತಿ ಅನ್ನುತ್ತಿದ್ದೆ.

ಪ್ರೋಗ್ರಾಮಿನ ಕೆಲಸ ಹೇಳಲು ಸುಲಭ. ಮಿಕ್ಸರಿನಿಂದ ಬರುವ ದನಿಯನ್ನು ಆಡಿಯೊ ಇಂಟರ್‌ಫೇಸ್ ಸೆಕೆಂಡಿಗೆ 48,000 ಸಲ ಅಳೆದು ಅಂಕಿ ಮಾಡುತ್ತದೆ. ಆ ಅಂಕಿಗಳನ್ನು ಒಂದೊಂದಾಗಿ ಕೊಡದೆ ಬಫರ್ ಅನ್ನುವ ಕಟ್ಟುಗಳಲ್ಲಿ ಕೊಡುತ್ತದೆ. ಪ್ರತಿ ಕಟ್ಟು ಬಂದಾಗಲೂ ಆಪರೇಟಿಂಗ್ ಸಿಸ್ಟಂ ನನ್ನ ಫಂಕ್ಷನ್ ಒಂದನ್ನು ಕರೆಯುತ್ತದೆ. ಅದರೊಳಗೆ ನಾನು ಮಾಡಬೇಕಾದ್ದನ್ನು ಮಾಡಿ, ಮುಂದಿನ ಕಟ್ಟು ಬರುವುದರೊಳಗೆ ಫಲಿತಾಂಶ ಕೊಟ್ಟುಬಿಡಬೇಕು. 128 ಅಂಕಿಯ ಬಫರ್ ಇಟ್ಟುಕೊಂಡರೆ ಸಿಗುವ ಗಡುವು 2.7 ಮಿಲಿಸೆಕೆಂಡು. ಕೊನೆಯ 2,048 ಅಂಕಿಗಳನ್ನು ಒಟ್ಟಿಗೆ ಇಟ್ಟುಕೊಂಡು ಫೊರಿಯರ್ ವಿಶ್ಲೇಷಣೆ ಮಾಡಿದರೆ ಯಾವ ಸ್ವರ ಎಷ್ಟು ಜೋರಾಗಿದೆ ಅನ್ನುವುದು 23 ಹರ್ಟ್ಸಿಗೊಂದು ಮನೆಯಂತೆ ಕಾಣುತ್ತದೆ. ಒಂದು ಸ್ವರ ಅಕ್ಕಪಕ್ಕದವಕ್ಕಿಂತ ಬಹಳ ಎತ್ತರದಲ್ಲಿದ್ದು, ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಹೊತ್ತು ಕದಲದೆ ನಿಂತರೆ ಅದು ಕೂಗು. ಅಷ್ಟು ಸ್ವರವನ್ನು ಮಾತ್ರ ಕಿರಿದಾದ ಫಿಲ್ಟರಿನಿಂದ ಕತ್ತರಿಸು. ಇಷ್ಟೇ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಪರೀಕ್ಷೆ ಮಾಡಿದೆ. ಮೈಕನ್ನು ಸ್ಪೀಕರಿನ ಮುಖಕ್ಕೆ ಹಿಡಿದರೆ ಕೂಗು ಏಳುವುದರೊಳಗೆ ಅಡಗುತ್ತಿತ್ತು. ಹಲೋ ಮೈಕ್ ಟೆಸ್ಟಿಂಗ್ ಅಂದೆ, ಸಭೆಗಳಲ್ಲಿ ರೆಕಾರ್ಡ್ ಮಾಡಿಟ್ಟಿದ್ದ ಭಾಷಣ ಹಾಕಿದೆ, ಹರಿಕಥೆಯ ಮಾತಿನ ಭಾಗ ಹಾಕಿದೆ. ಎಲ್ಲವೂ ಚೊಕ್ಕ. ಒಂದು ಕಟ್ಟಿನ ಕೆಲಸಕ್ಕೆ ತಗಲುವ ಸರಾಸರಿ ಹೊತ್ತು ಒಂದು ಮಿಲಿಸೆಕೆಂಡಿಗೂ ಕಡಿಮೆ. ಅರ್ಧಕ್ಕಿಂತ ಹೆಚ್ಚು ಬಿಡುವು ಉಳಿದಿದೆಯಲ್ಲ ಅಂತ ಬೀಗಿದೆ. ಬಿಡುವಿದೆ ಅನ್ನಿಸಿದ್ದರಿಂದ ಇನ್ನೊಂದು ಕೆಲಸವನ್ನೂ ಅದೇ ಫಂಕ್ಷನ್ನಿಗೆ ಹೇರಿದೆ. ಬರುವ ದನಿಯನ್ನು ಹಾಗ್ಹಾಗೇ ಒಂದು ಫೈಲಿಗೆ ಬರೆದಿಡುವುದು. ಆಮೇಲೆ ಕೂತು ನೋಡೋಣ ಎಂದು.

ಮಾವ ಒಂದೇ ಮಾತು ಕೇಳಿದ್ದರು. “ಹಾಡು ಹಾಕ್ ನೋಡಿದ್ಯಾ?” ಹಾಡಾದರೇನು, ಮಾತಾದರೇನು, ಎಲ್ಲ ಸದ್ದೇ ಅಲ್ಲವೇ ಮಾವ, ಅಂದೆ.

ನಾಟಕದ ಊರು ಹೊಳೆಯಾಚೆ. ಇನ್ನೂ ಬೆಳಕಿರುವಾಗಲೇ ಹೋಗಿ ಸ್ಟೇಜಿನ ಮುಂದೆ ಮೈಕು ನಿಲ್ಲಿಸಿ, ಹಾರ್ಮೋನಿಯಮ್ಮಿಗೊಂದು, ತಬಲಕ್ಕೊಂದು ಕೊಟ್ಟು, ಎರಡು ಬದಿಗೂ ಬಾಕ್ಸು ಪೇರಿಸಿ, ತೆಂಗಿನ ಮರಕ್ಕೆ ಹಾರ್ನು ಕಟ್ಟಿದೆವು. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕಬಾರದು ಎಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಹತ್ತು ಗಂಟೆಗೆ ನಮ್ಮ ಕಡೆ ಪಾತ್ರಧಾರಿಗಳು ಇನ್ನೂ ಬಣ್ಣ ಹಚ್ಚಿಸಿಕೊಳ್ಳುತ್ತಿರುತ್ತಾರೆ.

ಮೊದಲ ತೊಂದರೆ ನಾಟಕ ಶುರುವಾಗುವ ಮೊದಲೇ ಬಂತು. ಲ್ಯಾಪ್‌ಟಾಪು ಸಿಕ್ಕಿಸಿದ ಕೂಡಲೇ ಬಾಕ್ಸುಗಳಲ್ಲಿ ‘ಗುಂಯ್’ ಅನ್ನುವ ದಪ್ಪ ಸದ್ದು. ಜನರೇಟರಿನ ಅರ್ತಿಂಗೂ ಲ್ಯಾಪ್‌ಟಾಪಿನ ಚಾರ್ಜರೂ ಸೇರಿ ಹುಟ್ಟಿಸುವ ಗುಂಗು ಅದು, ಮೈಕ್‌ಸೆಟ್ಟಿನವರೆಲ್ಲರಿಗೂ ಪರಿಚಯದ್ದೇ. ಚಾರ್ಜರ್ ಕಿತ್ತೆ. ಗುಂಗು ನಿಂತಿತು. ಗೆದ್ದೆ ಅಂದುಕೊಂಡೆ. ಚಾರ್ಜರ್ ಕಿತ್ತ ಲ್ಯಾಪ್‌ಟಾಪು ಬ್ಯಾಟರಿ ಉಳಿಸಲು ತನ್ನ ಪ್ರೊಸೆಸರಿನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ ಅನ್ನುವುದು ಗೊತ್ತಿಲ್ಲದ್ದೇನಲ್ಲ, ಆ ಗಳಿಗೆಯಲ್ಲಿ ಹೊಳೆಯಲಿಲ್ಲ.

ನಾಂದಿ ಮುಗಿದು ಕೃಷ್ಣ ಬಂದ. ಹಾಡಿನ ನಡುವೆ ‘ಚಿಟ್’ ಎಂದಿತು. ಸ್ವಲ್ಪ ಹೊತ್ತಿಗೆ ಮತ್ತೆ ‘ಚಿಟ್ ಚಿಟ್’. ಕಟ್ಟು ಬಂದಾಗ ನನ್ನ ಫಂಕ್ಷನ್ ಇನ್ನೂ ಹಿಂದಿನದನ್ನೇ ಮುಗಿಸಿರುತ್ತಿರಲಿಲ್ಲ, ಆಗ ಸ್ಪೀಕರಿಗೆ ಕೊಡಲು ಏನೂ ಇರುತ್ತಿರಲಿಲ್ಲ. ದನಿ ಹರಿದು ಮತ್ತೆ ಅಂಟಿಕೊಂಡ ಸದ್ದು ಅದು. ಜನ ತಿರುಗಿ ನೋಡತೊಡಗಿದರು. ಮಾವ ಮಿಕ್ಸರಿನಿಂದ ತಲೆ ಎತ್ತಿ ನನ್ನ ಕಡೆ ನೋಡಿ ಏನೂ ಹೇಳದೆ ಮತ್ತೆ ತಲೆ ತಗ್ಗಿಸಿದರು.

ಅವಸರದಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದೆ. ಬಫರ್ ದೊಡ್ಡದು ಮಾಡಿದೆ. ಟಿ. ನರಸೀಪುರದ ಸಂಗಮದಲ್ಲಿ ಹೊಳೆ ದಾಟಿಸುವ ಚಿಕ್ಕ ತೆಪ್ಪ ನಾಲ್ಕು ಜನ ಕೂತರೆ ಹೊರಡುತ್ತದೆ, ದೊಡ್ಡ ದೋಣಿ ತುಂಬುವ ತನಕ ಕಾಯುತ್ತದೆ. ದೋಣಿ ದೊಡ್ಡದಾದರೆ ಅಂಬಿಗನಿಗೆ ಉಸಿರಾಡಲು ಹೊತ್ತು ಸಿಗುತ್ತದೆ, ಮೊದಲು ಹತ್ತಿ ಕೂತವನು ಮಾತ್ರ ಬಿಸಿಲಲ್ಲಿ ಕಾಯುತ್ತಾನೆ. 128ರಿಂದ 512, ಅಲ್ಲಿಂದ 2,048ಕ್ಕೆ ಏರಿಸಿದೆ. ಚಿಟ್ ಚಿಟ್ ಪೂರ್ತಿ ನಿಂತಿತು. ಈಗ ಒಂದು ಕಟ್ಟು ತುಂಬಲು 42.7 ಮಿಲಿಸೆಕೆಂಡು. ಒಳಗೆ ಬರಲು ಒಂದು ಕಟ್ಟು, ಹೊರಗೆ ಹೋಗಲು ಒಂದು ಕಟ್ಟು, ಡ್ರೈವರ್ ತನ್ನ ಪಾಲಿಗೆ ಇಟ್ಟುಕೊಂಡದ್ದು ಬೇರೆ. ಹಾಡಿದ ಸ್ವರ ಬಾಕ್ಸಿನಿಂದ ಹೊರಬೀಳುವಾಗ ಸೆಕೆಂಡಿನ ಹತ್ತನೇ ಒಂದು ಭಾಗ ದಾಟಿರುತ್ತಿತ್ತು. ಅಂದರೆ ಬಾಕ್ಸುಗಳನ್ನು ನಾನು ಎತ್ತಿಕೊಂಡು ಹೋಗಿ 34 ಮೀಟರು ಆಚೆ ಇಟ್ಟಂತಾಯಿತು. ರಥಬೀದಿಯ ದೂರದ ಹಾರ್ನಿನಿಂದ ಎರಡನೇ ಸಲ ಬರುತ್ತಿದ್ದ ಆ ದನಿಯನ್ನೇ ಸ್ಟೇಜಿನ ಮೇಲಕ್ಕೆ ತಂದು ಕೂರಿಸಿದ್ದೆ.

ಕೆಳಗೆ ಕೂತ ಜನಕ್ಕೆ ಇದು ಗೊತ್ತಾಗಲಿಲ್ಲ. ಅವರಿಗೆ ಬಾಕ್ಸಿನ ದನಿ ಒಂದೇ ಕೇಳಿಸುವುದು. ಸ್ಟೇಜಿನ ಮೇಲಿದ್ದವರಿಗೆ ಮಾತ್ರ ಎರಡು ಹಾರ್ಮೋನಿಯಂ ಕೇಳಿಸತೊಡಗಿತು, ಪಕ್ಕದಲ್ಲಿ ಮೇಷ್ಟ್ರು ನುಡಿಸುತ್ತಿದ್ದದ್ದು ಒಂದು, ತಡವಾಗಿ ಬಾಕ್ಸಿನಿಂದ ಬರುತ್ತಿದ್ದದ್ದು ಇನ್ನೊಂದು. ಹಾಡುವವರು ಯಾವುದಕ್ಕೆ ಸೇರಿಕೊಳ್ಳಬೇಕು? ಜೋರಾಗಿ ಕೇಳಿಸುವುದಕ್ಕೆ ಸೇರಿಕೊಂಡರು. ಸೇರಿಕೊಂಡ ಹಾಗೆಲ್ಲ ಇನ್ನಷ್ಟು ಹಿಂದೆ ಬಿದ್ದರು. ತಬಲದವನು ಎಳೆದ, ಹಾಡುವವನು ಜಗ್ಗಿದ, ಮೇಷ್ಟ್ರು ತಿದಿ ಒತ್ತುತ್ತಲೇ ಕಣ್ಣು ಕೆಕ್ಕರಿಸಿ ಅರ್ಜುನನನ್ನು ನೋಡಿದರು. ಅರ್ಜುನ ತಾಲೀಮಿನಲ್ಲಿ ಒಂದು ದಿನವೂ ತಾಳ ತಪ್ಪಿದವನಲ್ಲವಂತೆ.

ಆಮೇಲೆ ಓದಿ ತಿಳಿದದ್ದು. 1950ರಲ್ಲಿ ಬರ್ನಾರ್ಡ್ ಲೀ ಎಂಬ ಅಮೆರಿಕದವರು, ಮನುಷ್ಯನ ಮಾತನ್ನು ಅವನ ಕಿವಿಗೇ ಸ್ವಲ್ಪ ತಡಮಾಡಿ ಕೇಳಿಸಿದರೆ ನಾಲಿಗೆ ತೊಡರುತ್ತದೆ ಎಂದು ತೋರಿಸಿದ್ದರು. ಸೆಕೆಂಡಿನ ಐದನೇ ಒಂದು ಭಾಗದ ಸುತ್ತಮುತ್ತ ಈ ತೊಡರು ಅತಿ ಹೆಚ್ಚು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ ಚೇಫ್ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿದ ಇಬ್ಬರಿಂದ ಜೊತೆಯಾಗಿ ಚಪ್ಪಾಳೆ ಹೊಡೆಸಿ, ನಡುವಿನ ತಡವನ್ನು ಹೆಚ್ಚುಕಡಿಮೆ ಮಾಡುತ್ತಾ ನೋಡಿದರು. ತಡ ಸುಮಾರು ಹತ್ತು ಹನ್ನೆರಡು ಮಿಲಿಸೆಕೆಂಡು ಮೀರಿದಂತೆ ಲಯ ತಾನಾಗಿಯೇ ನಿಧಾನವಾಗುತ್ತಾ ಹೋಗುತ್ತದೆ. ನಮ್ಮ ಅರ್ಜುನನಿಗೆ ಆದದ್ದು ಅದೇ.

ನನ್ನ ತಡ ಕೂಗಿನ ಗುಣವನ್ನೂ ಬದಲಿಸಿತ್ತು. ದನಿ ಒಂದು ಸುತ್ತು ಬರಲು ಹೆಚ್ಚು ಹೊತ್ತು ತಗೊಂಡರೆ ಕೂಗು ಬೆಳೆಯುವುದೂ ನಿಧಾನ. ತಟ್ಟನೆ ಏಳುತ್ತಿದ್ದ ಕುಯ್ಯ್ ಹೋಗಿ, ಸ್ವರದ ಬಾಲ ಹಿಡಿದು ಮೆಲ್ಲಗೆ ಮೇಲೇಳುವ ಒಂದು ಹೂಂಕಾರ ಬಂತು. ಮಾವನ ಕಿವಿಗೆ ಇದು ಹೊಸದು, ಎಷ್ಟನೇ ಕಡ್ಡಿ ಎಂದು ಹೇಳಲಾಗಲಿಲ್ಲ. ಕಾಯಿಲೆ ವಾಸಿ ಮಾಡಲು ಬಂದವನು ವೈದ್ಯರಿಗೆ ಗುರುತೇ ಸಿಗದ ಹಾಗೆ ಕಾಯಿಲೆಯನ್ನು ಬದಲಿಸಿದ್ದೆ.

ನಡುರಾತ್ರಿ ದಾಟಿದ ಮೇಲೆ ದುರ್ಯೋಧನನ ದರ್ಬಾರು. ಮುಂದಿನ ಸಾಲಿನಲ್ಲಿ ಅವನ ಹೆಂಡತಿ, ಮಕ್ಕಳು, ಬಾಮೈದಂದಿರು, ಬೀಗರು. ಹಾರದ ಬುಟ್ಟಿ ಪಕ್ಕದಲ್ಲೇ ಇತ್ತು, ಒಂದು ನೋಟಿನ ಹಾರವೂ ಇತ್ತು. ಹಾಡು ಮುಗಿದ ಕೂಡಲೇ ಸ್ಟೇಜು ಹತ್ತಿ ಹಾಕಲು ಕಾದಿದ್ದರು. ಅವನು ನಿಜಕ್ಕೂ ಒಳ್ಳೆಯ ಹಾಡುಗಾರ. ನಾಲ್ಕು ಮನೆ ಶ್ರುತಿಯಲ್ಲಿ ಮಟ್ಟು ಎತ್ತಿ, ಮೇಲೇರಿ, ತಾರಷಡ್ಜಕ್ಕೆ ಹೋಗಿ ನಿಂತ. ನಮ್ಮ ಕಡೆಯ ನಾಟಕಗಳಲ್ಲಿ ಅಲ್ಲಿ ನಿಲ್ಲುವುದೇ ಪಾತ್ರದ ಬೆಲೆ. ಎಷ್ಟು ಹೊತ್ತು ನಿಂತಾನು ಎಂದು ಜನ ಉಸಿರು ಹಿಡಿಯುತ್ತಾರೆ, ಆಮೇಲೆ ಶಿಳ್ಳೆ, ಒನ್ಸ್‌ಮೋರ್.

349 ಹರ್ಟ್ಸಿನ ಹತ್ತಿರದ ಒಂದು ಸ್ವರ, ಅಕ್ಕಪಕ್ಕದವಕ್ಕಿಂತ ಬಹಳ ಎತ್ತರದಲ್ಲಿ, ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು, ಕದಲದೆ.

ಪ್ರೋಗ್ರಾಂ ಅದನ್ನು ಕತ್ತರಿಸಿತು. ಬಾಕ್ಸಿನಲ್ಲಿ ದನಿ ಇದ್ದಕ್ಕಿದ್ದಂತೆ ಬಡಕಲಾಯಿತು. ಮನುಷ್ಯನ ಕಂಠದಲ್ಲಿ ಮೂಲಸ್ವರದ ಜೊತೆ ಅದರ ಎರಡರಷ್ಟು, ಮೂರರಷ್ಟು ಕಂಪನಗಳೂ ಇರುತ್ತವೆ. ಮೂಲಸ್ವರ ಹೋದಮೇಲೆ 698 ಎದ್ದು ಕಂಡಿತು, ಅದನ್ನೂ ಕತ್ತರಿಸಿತು. ಆಮೇಲೆ 1,047. ದುರ್ಯೋಧನನಿಗೆ ತನ್ನ ದನಿ ತನಗೇ ಕೇಳಿಸದೆ ಹೋಯಿತು. ಕೇಳಿಸದ ಮೇಲೆ ಯಾವ ಹಾಡುಗಾರನಾದರೂ ಏನು ಮಾಡುತ್ತಾನೋ ಅದನ್ನೇ ಮಾಡಿದ, ಇನ್ನೂ ಬಲ ಹಾಕಿದ. ಬಲ ಹಾಕಿದಷ್ಟೂ ಸ್ವರ ಇನ್ನೂ ಎತ್ತರಕ್ಕೆ ಕಂಡಿತು, ಪ್ರೋಗ್ರಾಂ ಇನ್ನೂ ಆಳವಾಗಿ ಕತ್ತರಿಸಿತು. ಕೊನೆಗೆ ಕಂಠ ನಿಜವಾಗಿಯೇ ಒಡೆಯಿತು. ಹಿಂದಿನ ಸಾಲಿನಿಂದ ಯಾರೋ ಊಳಿಟ್ಟರು. ನಗು ಎದ್ದಿತು. ಹಾರ ಹಿಡಿದು ಎದ್ದು ನಿಂತಿದ್ದ ಬಾಮೈದ ನಿಧಾನಕ್ಕೆ ಕೂತ.

“ತಗ್ದು ಬುಡ್ಲಾ ಅದ್ನ! ಡೈರೆಕ್ಟ್ ಕೊಡು!” ಮಾವ ಕೂಗುತ್ತಲೇ ಎದ್ದು ಬಂದು, ಇಂಟರ್‌ಫೇಸಿನಿಂದ ವೈರು ಕಿತ್ತು ನೇರ ಆಂಪ್ಲಿಫೈಯರಿಗೆ ಚುಚ್ಚಿದರು. ಬೆಳಗಿನವರೆಗೂ ಕಿವಿಯಲ್ಲೇ ನಡೆಸಿದರು. ನಾನು ಜನರೇಟರಿನ ಪಕ್ಕ ಕೂತಿದ್ದೆ.

ಮನೆಗೆ ಬಂದು ಲೆಕ್ಕ ತೆಗೆದು ಕೂತಾಗ ಒಂದೊಂದೇ ಬಿಚ್ಚಿಕೊಂಡಿತು. ಸರಾಸರಿ ಒಂದು ಮಿಲಿಸೆಕೆಂಡು ಅನ್ನುವುದು ಸುಳ್ಳೇನಲ್ಲ. ಆದರೆ 128ರ ಬಫರಿನಲ್ಲಿ ಸೆಕೆಂಡಿಗೆ 375 ಕಟ್ಟು ಬರುತ್ತವೆ. ಅವುಗಳಲ್ಲಿ 374 ಹೊತ್ತಿಗೆ ಸರಿಯಾಗಿ ಮುಗಿದು ಒಂದು ತಪ್ಪಿದರೂ ಪ್ರತಿ ಸೆಕೆಂಡಿಗೂ ಒಂದು ಚಿಟ್. ಫೈಲಿಗೆ ಬರೆಯುವ ಕೆಲಸ ಸಾಮಾನ್ಯವಾಗಿ ಕಣ್ಣುಮಿಟುಕಿಸುವುದರೊಳಗೆ ಮುಗಿಯುತ್ತದೆ. ಆದರೆ ಡಿಸ್ಕು ಬೇರೆ ಯಾವುದೋ ಕೆಲಸದಲ್ಲಿದ್ದರೆ ಹತ್ತಾರು ಮಿಲಿಸೆಕೆಂಡು ಕಾಯಿಸಲೂಬಹುದು. ವೈಫೈ ಡ್ರೈವರು ತನ್ನ ಸರದಿ ಎಂದು ಪ್ರೊಸೆಸರನ್ನು ಎಳೆದುಕೊಳ್ಳಬಹುದು. ನಾಳೆಯ ಬ್ಯಾಂಕ್ ಲೆಕ್ಕಕ್ಕೆ, ಸಿನಿಮಾ ಎಡಿಟಿಂಗಿಗೆ ಸರಾಸರಿ ಸಾಕು, ಎಲ್ಲೋ ಒಂದು ಕಡೆ ಕಾದರೂ ಉತ್ತರ ಸರಿಯಾಗಿಯೇ ಬರುತ್ತದೆ. ಹಾಡುವವನ ಬಾಯಿ ಮತ್ತು ಕಿವಿಯ ನಡುವೆ ಕೂತವನು ನೋಡಬೇಕಾದ್ದು ಅತಿ ಕೆಟ್ಟ ಒಂದು ಸಲವನ್ನು. ನಾನು ಬಳಸಿದ ಪೋರ್ಟ್‌ಆಡಿಯೊ ಲೈಬ್ರರಿಯ ಕೈಪಿಡಿಯಲ್ಲೇ ಈ ಫಂಕ್ಷನ್ನಿನೊಳಗೆ ಫೈಲು ಮುಟ್ಟಬೇಡಿ, ಹೊಸದಾಗಿ ಮೆಮೊರಿ ಕೇಳಬೇಡಿ ಎಂದು ಎಚ್ಚರಿಸಿದ್ದಾರೆ. ಓದಿದ್ದೆ. ನನ್ನ ಹತ್ತಿರ ಬಿಡುವಿದೆಯಲ್ಲ ಎಂದು ದಾಟಿಕೊಂಡು ಹೋಗಿದ್ದೆ.

ಷಡ್ಜದ ವಿಷಯದಲ್ಲಿ ಮಾಡಿದ್ದು ಇನ್ನೂ ದಡ್ಡ ಕೆಲಸ. ಮಾತಾಡುವಾಗ ಯಾರ ದನಿಯೂ ಒಂದು ಸ್ವರದಲ್ಲಿ ನಿಲ್ಲುವುದಿಲ್ಲ, ಏರಿ ಇಳಿದು ಜಾರುತ್ತಲೇ ಇರುತ್ತದೆ. ನಾನು ಪರೀಕ್ಷಿಸಿದ್ದೆಲ್ಲ ಮಾತು. ಆದ್ದರಿಂದ ‘ನಿಂತ ಸ್ವರವೆಂದರೆ ಕೂಗು’ ಎಂಬ ನನ್ನ ನಿಯಮ ಅಂಗಡಿಯ ಕೋಣೆಯಲ್ಲಿ ಒಮ್ಮೆಯೂ ತಪ್ಪಲಿಲ್ಲ. ಮಾವ ಕೇಳಿದ ಪ್ರಶ್ನೆಗೆ ಒಂದು ಹಾಡು ಹಾಕಿ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಕೂಗಿಗೂ ಕಂಠಕ್ಕೂ ವ್ಯತ್ಯಾಸವಿದೆ. ಕೂಗು ಸಾಮಾನ್ಯವಾಗಿ ಒಂಟಿ ಸ್ವರ, ಅದಕ್ಕೆ ಎರಡರಷ್ಟು ಮೂರರಷ್ಟಿನ ಸಂಗಾತಿಗಳಿರುವುದಿಲ್ಲ. ಸುತ್ತು ಸುತ್ತಿಗೂ ಒಂದೇ ಪ್ರಮಾಣದಲ್ಲಿ ಬೆಳೆಯುತ್ತದೆ. ಇವೆರಡನ್ನೂ ನೋಡಿ ತೀರ್ಮಾನಿಸುವ ಉಪಾಯ ಪುಸ್ತಕಗಳಲ್ಲಿ ಇದ್ದೇ ಇತ್ತು.

ಟಿ. ನರಸೀಪುರದಲ್ಲಿ ಕಪಿಲೆ ಬಂದು ಕಾವೇರಿಯನ್ನು ಸೇರುವ ಕಡೆ, ಆಚೆ ದಡದಲ್ಲಿ ತಿರುಮಕೂಡಲು. ಪಿಟೀಲು ಚೌಡಯ್ಯನವರ ಹೆಸರಿನಲ್ಲಿರುವ ‘ಟಿ’ ಆ ಊರಿನದು. ಸಭೆಗಳಲ್ಲಿ ಮೈಕು ಇಲ್ಲದ ಕಾಲ, ಭಾರೀ ಶಾರೀರದ ಹಾಡುಗಾರರ ಪಕ್ಕದಲ್ಲಿ ಪಿಟೀಲು ಹಿಂದಿನ ಸಾಲಿಗೆ ಕೇಳಿಸುತ್ತಿರಲಿಲ್ಲ. ಅವರು ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. 1957ರಲ್ಲಿ ಸಂಗೀತ ಕಲಾನಿಧಿ ಆಗುವ ಹೊತ್ತಿಗೆ ಅದರ ನಾದ ದಕ್ಷಿಣದ ಸಭೆಗಳಿಗೆಲ್ಲ ಪರಿಚಿತವಾಗಿತ್ತು. ಪಿಟೀಲಿಗೆ ಬಲ ಬೇಕೆಂದಾಗ ಅವರು ಪಿಟೀಲಿಗೇ ತಂತಿ ಕಟ್ಟಿದರು, ಕಮಾನಿಗೂ ಕಿವಿಗೂ ನಡುವೆ ಏನನ್ನೂ ತಂದು ಕೂರಿಸಲಿಲ್ಲ. ಅಲ್ಲಿಯ ಹೊಳೆಯ ಸೇತುವೆ ದಾಟುವಾಗ ಈಗಲೂ ನನಗೆ ಸ್ವಲ್ಪ ನಾಚಿಕೆಯಾಗುತ್ತದೆ.

ಪ್ರೋಗ್ರಾಮನ್ನು ಬಿಸಾಡಲಿಲ್ಲ. ಜಾಗ ಬದಲಿಸಿದೆ. ಯೋಚಿಸಿ ನೋಡಿದರೆ ಕೂಗು ಯಾವ ಸ್ವರದ್ದು ಎಂದು ಪತ್ತೆ ಮಾಡಲು ಹೊತ್ತು ಬೇಕು, ಕತ್ತರಿಸಲು ಹೊತ್ತು ಬೇಡ. ನಾನು ಎರಡನ್ನೂ ಒಂದೇ ದಾರಿಯಲ್ಲಿ ಕಟ್ಟಿಹಾಕಿದ್ದೆ. ಈಗ ಮಿಕ್ಸರಿನಿಂದ ದನಿ ನೇರವಾಗಿ ಮಾವನ ಈಕ್ವಲೈಸರಿಗೆ, ಅಲ್ಲಿಂದ ಆಂಪ್ಲಿಫೈಯರಿಗೆ ಹೋಗುತ್ತದೆ. ಮಿಕ್ಸರಿನ ಇನ್ನೊಂದು ಕಿಂಡಿಯಿಂದ ಒಂದು ಎಳೆ ಮಾತ್ರ ಲ್ಯಾಪ್‌ಟಾಪಿಗೆ ಬರುತ್ತದೆ, ನಡುವೆ ಒಂದು ಐಸೋಲೇಷನ್ ಟ್ರಾನ್ಸ್‌ಫಾರ್ಮರು ಇರುವುದರಿಂದ ಗುಂಗೂ ಇಲ್ಲ. ಫಂಕ್ಷನ್ನಿನೊಳಗೆ ನಡೆಯುವುದು ಒಂದೇ ಕೆಲಸ, ಬಂದ ಅಂಕಿಗಳನ್ನು ರಿಂಗ್ ಬಫರ್ ಎಂಬ ಮೊದಲೇ ತೆಗೆದಿಟ್ಟ ಮೆಮೊರಿಯಲ್ಲಿ ಇಟ್ಟು ವಾಪಸ್ಸಾಗುವುದು. ವಿಶ್ಲೇಷಣೆ ಒಂದು ಥ್ರೆಡ್ಡಿನಲ್ಲಿ, ರೆಕಾರ್ಡಿಂಗ್ ಇನ್ನೊಂದರಲ್ಲಿ, ತಮ್ಮ ತಮ್ಮ ಪಾಡಿಗೆ. ಕೂಗು ಏಳುವ ಲಕ್ಷಣ ಕಂಡರೆ ತೆರೆಯ ಮೇಲೆ ದಪ್ಪ ಅಕ್ಷರದಲ್ಲಿ ‘2,500’ ಎಂದು ಬರುತ್ತದೆ. ಕಡ್ಡಿ ಎಳೆಯುವುದೋ ಬೇಡವೋ ಮಾವನಿಗೆ ಬಿಟ್ಟದ್ದು. ಕಾಲು ಸೆಕೆಂಡು ತಡವಾಗಿ ಬಂದರೂ ಹಾಡುವವನಿಗೆ ಅದರ ಗೊಡವೆಯಿಲ್ಲ. ಮೊದಮೊದಲು ಮಾವ ತೆರೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಈಗ ಓರೆಗಣ್ಣಲ್ಲಿ ನೋಡುತ್ತಾರೆ, ಒಪ್ಪಿಕೊಳ್ಳುವುದಿಲ್ಲ.

ಇದೆಲ್ಲ ಸರಿಮಾಡಬಹುದಾದ ತಪ್ಪು. ನನ್ನನ್ನು ಕೊರೆಯುತ್ತಿದ್ದದ್ದು ಬೇರೆ. ದುರ್ಯೋಧನ ಮಾಡಿದವರು ತಮ್ಮ ಗಂಟಲೇ ಕೈಕೊಟ್ಟಿತು ಎಂದುಕೊಂಡಿದ್ದರು. ಬೆಳಗ್ಗೆ ಸಾಮಾನು ಲಾರಿಗೆ ಹೇರುವಾಗ ಮುಖದ ಬಣ್ಣ ಅರ್ಧ ಒರೆಸಿಕೊಂಡು ಬಂದು ಮಾವನ ಹತ್ತಿರ, “ಹಿಂದಿನ ದಿನ ಐಸ್‌ಕ್ರೀಮ್ ತಿಂದಿದ್ದೆ ಕನಣ್ಣ, ಅದೇ ಹೊಡೀತು” ಎಂದರು. ಮಾವ ನನ್ನ ಮುಖ ನೋಡಿದರು. ನಾನು ವೈರು ಸುತ್ತುತ್ತಲೇ ಇದ್ದೆ. ಹೇಳುವುದಾದರೆ ಅದೇ ಹೊತ್ತು, ಆ ಹೊತ್ತು ಕಳೆದುಹೋಯಿತು. ಆಮೇಲೆ ಊರಲ್ಲಿ ಮೇಷ್ಟ್ರೂ ಅದನ್ನೇ ಹೇಳಿದರಂತೆ, ದುಡ್ಡಿದ್ದರೆ ಸಾಲದು, ಶಾರೀರ ಇರಬೇಕು ಅಂತ. ಆ ಮಾತು ಮಾವನ ಅಂಗಡಿಯವರೆಗೂ ಬಂದಿತ್ತು.

ಅಂತೂ ಒಂದು ದಿನ ಆ ಊರಿಗೆ ಹೋದೆ. ಅವರು ಗದ್ದೆಯಲ್ಲಿ ಮೋಟಾರಿನ ಸ್ಟಾರ್ಟರು ಬಿಚ್ಚಿಕೊಂಡು ಕೂತಿದ್ದರು. ಬದುವಿನ ಮೇಲೆ ಲ್ಯಾಪ್‌ಟಾಪು ತೆಗೆದು, ಆ ರಾತ್ರಿ ಬರೆದಿಟ್ಟಿದ್ದ ಫೈಲು ಹಾಕಿದೆ. ನನ್ನ ಕತ್ತರಿಗೆ ಸಿಗುವ ಮೊದಲು ಮೈಕಿನಿಂದ ಬಂದ ದನಿ ಅದು. ಚಿಟ್ ಚಿಟ್ ಹುಟ್ಟಿಸಿದ್ದು ಇದನ್ನು ಬರೆದ ಆ ಹಾಳು ಕೆಲಸವೇ, ಅದರಿಂದಲೇ ಇದು ಉಳಿದಿತ್ತು. ಹಿಂದೆ ಜನರೇಟರಿನ ಸದ್ದು, ತಬಲ, ಅದರ ಮೇಲೆ ಷಡ್ಜ. ತುಂಬಿಕೊಂಡು, ನೂಲು ಹಿಡಿದ ಹಾಗೆ ನೇರವಾಗಿ ನಿಂತಿತ್ತು. ಆಮೇಲೆ ಅವರು ಬಲ ಹಾಕುವುದು, ಒಡೆಯುವುದು. ಒಡೆದದ್ದು ಯಾಕೆ ಎಂದು ಹೇಳಿದೆ. ಸುತ್ತಿ ಬಳಸಿ ಹೇಳಲು ಹೋಗಿ ಎರಡು ಸಲ ತಡವರಿಸಿದೆ.

ಅವರು ಸ್ವಲ್ಪ ಹೊತ್ತು ಸ್ಕ್ರೂಡ್ರೈವರು ಕೈಯಲ್ಲಿ ಹಿಡಿದು ಸುಮ್ಮನಿದ್ದರು. “ಅಂಗಾರೆ ನನ್ ಗಂಟ್ಲು ನೆಟ್ಟಗೇ ಇತ್ತು ಅನ್ನು.” ಹೌದು ಅಂದೆ. “ಮಾರನೇ ದಿನ್ವೇ ಯೋಳಕ್ಕೆ ಏನಾಗಿತ್ತು ನಿಂಗೆ?” ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಬೈದರು. ಬೈಯಬೇಕಾದಷ್ಟೇ ಬೈದರು. ಆಮೇಲೆ ಮೊಬೈಲು ಮುಂದೆ ಹಿಡಿದು, ಒಡೆಯುವುದಕ್ಕೆ ಮೊದಲಿನ ಭಾಗವನ್ನಷ್ಟೇ ತುಂಡುಮಾಡಿ ಕಳಿಸು ಎಂದರು. ಅಲ್ಲೇ ಕೂತು ತುಂಡುಮಾಡಿ ಕಳಿಸಿದೆ. ನನ್ನೆದುರಿಗೇ ಅದನ್ನು ಹಾರ್ಮೋನಿಯಂ ಮೇಷ್ಟ್ರಿಗೆ, ಬಾಮೈದನಿಗೆ, ನಾಟಕದ ಗ್ರೂಪಿಗೆ ದಾಟಿಸಿದರು. ಮುಂದಿನ ಸಲಕ್ಕೂ ದುರ್ಯೋಧನನಿಗೇ ದುಡ್ಡು ಕಟ್ಟುವುದು ಎಂದು ಆಗಲೇ ತೀರ್ಮಾನಿಸಿದ ಹಾಗಿತ್ತು.

“ಸೆಟ್ಟು ನಿಮ್ ಮಾವಂದೇ ಇರ್ಲಿ,” ಎಂದರು ಸ್ಟಾರ್ಟರಿನ ಮುಚ್ಚಳ ಹಾಕುತ್ತಾ. “ನೀನೂ ಬಾ, ಬ್ಯಾಡ ಅನ್ನಲ್ಲ. ಈ ಡಬ್ಬ ನನ್ ಮೈಕಿನ ವೈರ್ಗೆ ಮಾತ್ರ ತಾಕಿಸ್ಬ್ಯಾಡ.”